ಸೃಷ್ಟಿಯೂ ಪಾಪವೂ ವಿಮೋಚನೆಯೂ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ನಾಲ್ಕು ತಾಲ್ಲೂಕುಗಳಿಂದ ಬಂದು ನಮ್ಮಲ್ಲಿ ವಿದ್ಯಾಭ್ಯಾಸ ಮಾಡುವ ಹೆಣ್ಣುಮಕ್ಕಳ ಕಿವಿಗೆ ಸತ್ಯವೇದ ಪಾಠದಲ್ಲಿ ಮೂರು ಮಾತುಗಳು ಮೇಲಿಂದ ಮೇಲೆ ಬೀಳುವುವು. ಸೃಷ್ಟಿ, ಪಾಪ, ವಿಮೋಚನೆ ಎಂಬುವೇ ಆ ಮೂರು ಮಾತುಗಳು. ಪರೀಕ್ಷೆಯ ಕಾಲದಲ್ಲಿ ಇವುಗಳ ಅರ್ಥವನ್ನು ಕೇಳಿದರೆ ಎಲ್ಲರೂ ತಪ್ಪಿಲ್ಲದೆ ಒಪ್ಪಿಸುವರು. ಆದರೆ ಬಾಯಿಪಾಠವಾದ ಮಾತೆಲ್ಲವೂ ಮನಸ್ಸಿಗೆ ಇಳಿದಿದೆಯೆಂದು ಹೇಳುವಂತಿಲ್ಲ. ಒಂದು ದಿವಸ ಪಾಠವು ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿಯು ಎದ್ದು ನಿಂತು, "ಅಮ್ಮನವರೇ, ಪಾಪ ಮಾಡಿದವರು ನಾವು; ಕ್ಷಮಿಸತಕ್ಕವನು ದೇವರು. ಕ್ಷಮಿಸಿದ್ದೇನೆಂದು ಒಂದು ಮಾತು ಹೇಳಿದ್ದರೆ ಸಾಕಾಗುತ್ತಿರಲಿಲ್ಲವೇ? ಅದಕ್ಕೆ ಶಿಲುಬೆಯು ಏಕೆ ಬೇಕಾಯಿತು?" ಎಂದು ಕೇಳಿದಳು. ನಾವು ಕೊಟ್ಟ ಉತ್ತರವು ಅವಳಿಗೆ ಒಪ್ಪಿಗೆಯಾಗಲಿಲ್ಲವೆಂಬುದನ್ನು ಅವಳ ಮುಖವೇ ತಿಳಿಸಿತು. ನಿಜವನ್ನು ಹೇಳುವುದಾದರೆ, ನಮಗೂ ಒಪ್ಪಿಗೆಯಾಗಲಿಲ್ಲ. ಆ ಪ್ರಶ್ನೆಗೆ ಇನ್ನೂ ಒಂದು ಸಲ ಉತ್ತರ ಕೊಡುವ ಪ್ರಯತ್ನವೇ ಈ ಲೇಖನವು. ದೂರದ ದೇಶಗಳ ದೃಷ್ಟಾಂತಗಳನ್ನು ಬಿಟ್ಟು, ನಮ್ಮ ಮಕ್ಕಳು ಹುಟ್ಟಿ ಬೆಳೆದ ಸೀಮೆಯಲ್ಲಿಯೇ ನಿಂತುಕೊಂಡು ಈ ಮೂರು ಮಾತುಗಳನ್ನು ವಿಚಾರಿಸೋಣ.

ಸೃಷ್ಟಿ

ಸತ್ಯವೇದದ ಮೊದಲನೆಯ ಪುಸ್ತಕವಾದ ಆದಿಕಾಂಡವು, ದೇವರು ಲೋಕವನ್ನು ಉಂಟುಮಾಡಿದನೆಂದು ಮಾತ್ರವಲ್ಲದೆ, ಉಂಟುಮಾಡಿದ್ದನ್ನು ನೋಡಿ ಒಳ್ಳೆಯದೆಂದು ಮೆಚ್ಚಿದನೆಂದೂ ತಿಳಿಸುತ್ತದೆ. ಈ ಮೆಚ್ಚಿಕೆಯನ್ನು ನಾವು ಹಗುರವಾಗಿ ಎಣಿಸಬಾರದು. ದೇಹವು ಕೀಳು, ಮಣ್ಣು ಹೊಲಸು, ಲೋಕವೆಲ್ಲವೂ ಬರಿಯ ಬಲೆ ಎಂದು ಹೇಳುವವರು ಎಲ್ಲ ಕಾಲಗಳಲ್ಲಿಯೂ ಎಲ್ಲ ದೇಶಗಳಲ್ಲಿಯೂ ಇದ್ದಾರೆ, ಕ್ರೈಸ್ತರಲ್ಲಿಯೂ ಇದ್ದಾರೆ. ಆದಿಕಾಂಡವು ಅವರ ಪಕ್ಷವನ್ನು ಹಿಡಿಯುವುದಿಲ್ಲ.

ಈ ನಾಲ್ಕು ತಾಲ್ಲೂಕುಗಳ ನೆಲವನ್ನು ಒಮ್ಮೆ ಕಣ್ತೆರೆದು ನೋಡಿದವರಿಗೆ ಆ ಮೆಚ್ಚಿಕೆಯ ಕಾರಣವು ತಿಳಿಯದೆ ಇರದು. ಏದೆನಿನಿಂದ ಹೊರಟ ನದಿಯು ನಾಲ್ಕು ಕವಲಾಯಿತೆಂದು ಓದುತ್ತೇವೆ. ನಮ್ಮ ಸೀಮೆಗೆ ಮೂರು ನದಿಗಳು ದೊರೆತಿವೆ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿದ ಲಕ್ಷ್ಮಣತೀರ್ಥವು ಹುಣಸೂರಿನ ಮಗ್ಗುಲಲ್ಲಿ ಹರಿದು, ಕನ್ನಂಬಾಡಿ ಕಟ್ಟೆಯ ಹಿನ್ನೀರಿನಲ್ಲಿ ಕಾವೇರಿಯನ್ನು ಕೂಡುತ್ತದೆ. ಕಾವೇರಿಯು ಪಿರಿಯಾಪಟ್ಟಣದ ಅಂಚನ್ನು ಸವರಿಕೊಂಡು ಬಂದು, ಚುಂಚನಕಟ್ಟೆಯ ಬಂಡೆಗಳಿಂದ ಧುಮುಕಿ, ಹಿಂದೆ ಎಡತೊರೆಯೆಂದು ಹೆಸರಾಗಿದ್ದ ಕೃಷ್ಣರಾಜನಗರ ತಾಲ್ಲೂಕಿನ ಭತ್ತದ ಗದ್ದೆಗಳಿಗೆ ನೀರುಣಿಸುತ್ತದೆ. ವಯನಾಡಿನಿಂದ ಇಳಿದ ಕಬಿನಿಯು ಹೆಗ್ಗಡದೇವನಕೋಟೆಯ ಕಾಡಿನ ನಡುವೆ ಸಾಗಿಬರುತ್ತದೆ. ತೇಗ, ಬೀಟೆ, ಹೊನ್ನೆ, ಮತ್ತಿ ಮರಗಳಿಂದ ತುಂಬಿದ ನಾಗರಹೊಳೆಯ ಅರಣ್ಯವು ಆನೆ, ಹುಲಿ, ಕಾಟಿ, ಜಿಂಕೆಗಳಿಗೆ ಮನೆಯಾಗಿದೆ.

ಇವೆಲ್ಲವೂ ಎಷ್ಟು ಹಳೆಯವು? ಹೆಗ್ಗಡದೇವನಕೋಟೆಗೆ ಸೇರಿದ್ದು ಈಗ ತಾನೇ ಒಂದು ತಾಲ್ಲೂಕಾಗಿರುವ ಸರಗೂರಿನ ಹೆಸರನ್ನು ಭೂವಿಜ್ಞಾನಿಗಳು ಒಂದು ಶಿಲಾಸಮೂಹಕ್ಕೆ ಇಟ್ಟಿದ್ದಾರೆ. ಆ ಶಿಲೆಗಳ ವಯಸ್ಸು 300 ಕೋಟಿ ವರ್ಷಗಳಿಗೂ ಮಿಗಿಲೆಂದು ಅವರು ಲೆಕ್ಕ ಹಾಕಿದ್ದಾರೆ. ಇದನ್ನು ಕೇಳಿ ಭಕ್ತರು ಹೆದರಬೇಕಾದ ಕಾರಣವಿಲ್ಲ. ಆದಿಕಾಂಡವು ಬಂಡೆಗಳ ವಯಸ್ಸನ್ನು ತಿಳಿಸುವುದಕ್ಕೆ ಬರೆದ ಪುಸ್ತಕವಲ್ಲ. ಬಂಡೆಯು ಯಾರದು, ಅದರ ಮೇಲೆ ನಿಂತಿರುವ ನಾವು ಯಾರವರು ಎಂಬುದನ್ನು ತಿಳಿಸುವುದಕ್ಕೆ ಬರೆದದ್ದು. 300 ಕೋಟಿ ವರ್ಷಗಳ ಹಿಂದಿನಿಂದ ಇದ್ದ ನೆಲವನ್ನು ಮೂವತ್ತು ವರ್ಷಗಳ ಖಾತೆ ಪಹಣಿಯನ್ನು ಹಿಡಿದುಕೊಂಡು ನನ್ನದೆನ್ನುವ ಮನುಷ್ಯನ ಮಾತು ಎಷ್ಟು ಚಿಕ್ಕದೆಂಬುದು ಇದರಿಂದ ಇನ್ನೂ ಚೆನ್ನಾಗಿ ತಿಳಿಯುವುದಲ್ಲವೇ?

ಮನುಷ್ಯನನ್ನು ದೇವರು ಮಣ್ಣಿನಿಂದ ರೂಪಿಸಿದನೆಂದು ಹೇಳಿದೆ. ಇಬ್ರಿಯ ಭಾಷೆಯಲ್ಲಿ ಮಣ್ಣಿಗೆ 'ಅದಾಮಾ' ಎಂದು ಹೆಸರು, ಮನುಷ್ಯನಿಗೆ 'ಆದಾಮ'. ಹೆಸರಿನಲ್ಲಿಯೇ ನೆಂಟಸ್ತಿಕೆಯುಂಟು. ಆ ಮೂಲವೃತ್ತಾಂತದಲ್ಲಿ ದೇವರು ಮನುಷ್ಯನಿಗೆ ಒಪ್ಪಿಸಿದ ಕೆಲಸಗಳು ಎರಡು. ಒಂದು, ಭೂಮಿಯ ಸೇವೆಯನ್ನು ಮಾಡುವುದು. ಇನ್ನೊಂದು, ಅದನ್ನು ಕಾಯುವುದು. ನಮ್ಮ ರೈತರ ಮಾತಿನಲ್ಲಿ ಹೇಳುವುದಾದರೆ, ಬೇಸಾಯವೂ ಕಾವಲೂ. ಹೊಲದ ಒಡೆಯನು ಬೇರೆಯವನು. ನಾವು ಆರಂಭ ಮಾಡುವವರು, ಅಟ್ಟಣೆಯ ಮೇಲೆ ಕುಳಿತು ಕಾಯುವವರು.

ಪಾಪ

ಪಾಪವೆಂದರೆ ಸುಳ್ಳು, ಕಳವು, ಹಾದರ, ಕೊಲೆ ಎಂದು ಪಟ್ಟಿಯನ್ನು ಒಪ್ಪಿಸುವುದು ಸುಲಭ. ಆದರೆ ಆದಿಕಾಂಡವು ಪಾಪವನ್ನು ಪಟ್ಟಿಯಾಗಿ ಹೇಳದೆ ಕಥೆಯಾಗಿ ಹೇಳಿದೆ. ಆ ಕಥೆಯಲ್ಲಿ ಮೊದಲು ಮುರಿದದ್ದು ನಂಬಿಕೆ. ದೇವರು ತಮ್ಮಿಂದ ಏನನ್ನೋ ಬಚ್ಚಿಟ್ಟಿದ್ದಾನೆಂಬ ಸಂಶಯವು ಹವ್ವಳ ಮನಸ್ಸಿನಲ್ಲಿಯೂ ಅವಳ ಪಕ್ಕದಲ್ಲಿಯೇ ಸುಮ್ಮನೆ ನಿಂತಿದ್ದ ಆದಾಮನ ಮನಸ್ಸಿನಲ್ಲಿಯೂ ಹುಟ್ಟಿತು. ತರುವಾಯ ಒಂದೊಂದಾಗಿ ಎಲ್ಲ ಸಂಬಂಧಗಳೂ ಕೆಟ್ಟುವು. ಅವರು ದೇವರಿಗೆ ಕಾಣದಂತೆ ಮರಗಳ ಹಿಂದೆ ಅಡಗಿಕೊಂಡರು. ಗಂಡನು ತಪ್ಪನ್ನು ಹೆಂಡತಿಯ ಮೇಲೆ ಹೊರಿಸಿದನು. ನೆಲವು ಮುಳ್ಳನ್ನು ಬೆಳೆಯಿತು. ಮುಂದಿನ ತಲೆಯಲ್ಲಿ ಅಣ್ಣನಾದ ಕಾಯಿನನು ತಮ್ಮನಾದ ಹೇಬೆಲನನ್ನು ಹೊಲದಲ್ಲಿ ಕೊಂದನು. ದೇವರು ಬಂದು ತಮ್ಮನ ಸಮಾಚಾರವನ್ನು ವಿಚಾರಿಸಿದಾಗ, ಅವನನ್ನು ಕಾಯುವುದು ತನ್ನ ಕೆಲಸವೇ ಎಂಬ ಅರ್ಥದಲ್ಲಿ ಕಾಯಿನನು ಎದುರು ಮಾತನಾಡಿದನು. ಕಾಯುವುದೇ ಮನುಷ್ಯನ ಕೆಲಸವೆಂದು ನಾವು ಈಗತಾನೇ ಓದಿದೆವು. ಅದನ್ನೇ ಅವನು ಅಲ್ಲಗಳೆದನು. ಪಾಪದ ಮೂಲರೂಪವು ಇದೇ.

ನಮ್ಮ ಸೀಮೆಯಲ್ಲಿ ಇದಕ್ಕೆ ಸಾಕ್ಷಿಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಹೆಗ್ಗಡದೇವನಕೋಟೆಯ ಕಾಕನಕೋಟೆಯಲ್ಲಿ 19ನೆಯ ಶತಮಾನದ ಕೊನೆಯ ಭಾಗದಿಂದ 1971ರವರೆಗೆ ಅನೇಕ ಸಲ ಖೆಡ್ಡಾ ನಡೆಯಿತು. ವೈಸರಾಯರೂ ರಾಜಕುಮಾರರೂ ನೋಡುವುದಕ್ಕೆ ಬಂದರು. ತಮಟೆ, ಕೊಂಬು, ಪಂಜುಗಳಿಂದ ಬೆದರಿಸಿದ ಕಾಡಾನೆಗಳ ಹಿಂಡು ಕಬಿನಿಯನ್ನು ದಾಟಿ, ಎದುರಿಗೆ ತೆರೆದಿದ್ದ ದಾರಿಯೇ ಬಿಡುಗಡೆಯ ದಾರಿಯೆಂದು ನಂಬಿ, ಸೊಪ್ಪಿನಿಂದ ಮರೆಮಾಡಿದ ಬೇಲಿಯೊಳಕ್ಕೆ ನುಗ್ಗಿತು. ಹಿಂದಿನಿಂದ ಬಾಗಿಲು ಬಿದ್ದಿತು. ಪಾಪಕ್ಕೆ ಸಿಕ್ಕಿದ ಮನುಷ್ಯನ ಸ್ಥಿತಿಗೆ ಇದಕ್ಕಿಂತ ಸರಿಯಾದ ಚಿತ್ರವು ದೊರೆಯಲಾರದು. ಒಳಗಿನ ಆನೆಯು ಎಷ್ಟು ಬಲವುಳ್ಳದ್ದಾದರೂ ಆ ಬಾಗಿಲನ್ನು ತಾನಾಗಿ ತೆರೆಯಲಾರದು. ಅದು ಹೊರಗಿನಿಂದಲೇ ತೆರೆಯತಕ್ಕದ್ದು. ಆದರೆ ಈ ದೃಷ್ಟಾಂತವನ್ನು ಹೇಳಿ ಸಮಾಧಾನ ಪಡುವುದಕ್ಕೆ ಮುಂಚೆ ಒಂದು ಸಂಗತಿಯನ್ನು ಒಪ್ಪಿಕೊಳ್ಳಬೇಕು. ಆನೆಯು ಪಾಪ ಮಾಡಿರಲಿಲ್ಲ. ಬೇಲಿಯನ್ನು ಕಟ್ಟಿದವರು ನಾವು, ಎಂದರೆ ಮನುಷ್ಯರು. ಕಾಯಬೇಕಾದವನೇ ಬಲೆಯನ್ನು ಬೀಸಿದನು.

1974ರಲ್ಲಿ ಕಬಿನಿಗೆ ಅಣೆಕಟ್ಟು ಕಟ್ಟಿ ಮುಗಿದಾಗ ಆ ಹಳೆಯ ಕಾಡಿನ ಒಂದು ಭಾಗವೂ ಹಲವು ಹಳ್ಳಿಗಳೂ ನೀರಿನಲ್ಲಿ ಮುಳುಗಿದುವು. ಕೆಳಗಿನ ಹೊಲಗಳಿಗೆ ನೀರು ಬಂದಿತು. ಮೇಲಿನವರಿಗೆ ನೆಲ ಹೋಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾನೂನಿನ ತರುವಾಯ ನಾಗರಹೊಳೆಯ ಒಳಗಿನ ಹಾಡಿಗಳಿಂದ ಜೇನುಕುರುಬರೇ ಮೊದಲಾದ ಅನೇಕ ಕುಟುಂಬಗಳು ಹೊರಕ್ಕೆ ಬರಬೇಕಾಯಿತು. ಅಣೆಕಟ್ಟು ಪಾಪವೆಂದಾಗಲಿ ಹುಲಿಯನ್ನು ಕಾಪಾಡುವುದು ಪಾಪವೆಂದಾಗಲಿ ನಾವು ಹೇಳುವುದಿಲ್ಲ. ಎರಡೂ ಒಳ್ಳೆಯ ಉದ್ದೇಶದ ಕೆಲಸಗಳೇ. ಆದರೆ ಒಳ್ಳೆಯ ಕೆಲಸದ ಖರ್ಚನ್ನು ಬಾಯಿಲ್ಲದವರ ತಲೆಯ ಮೇಲೆ ಹಾಕಿ, ಅವರ ಸಮಾಚಾರವನ್ನು ಕೇಳಿದಾಗ ಅದು ನಮ್ಮ ಕೆಲಸವೇ ಎನ್ನುವುದು ಕಾಯಿನನ ಮಾತು. ಕಾಡಿನಲ್ಲಿದ್ದವರಿಗೆ ಅನ್ಯಾಯವಾಗಿತ್ತೆಂದು ದೇಶದ ಶಾಸನವೇ ಒಪ್ಪಿಕೊಂಡದ್ದು 2006ರ ಅರಣ್ಯ ಹಕ್ಕು ಕಾನೂನಿನಲ್ಲಿ.

ಇನ್ನೂ ಹತ್ತಿರಕ್ಕೆ ಬರೋಣ. ಹುಣಸೂರು ಪಿರಿಯಾಪಟ್ಟಣಗಳ ಕೆಂಪು ನೆಲದಲ್ಲಿ ಹೊಗೆಸೊಪ್ಪು ಹೇರಳವಾಗಿ ಬೆಳೆಯುತ್ತದೆ. ಎಲೆಯನ್ನು ಕೋಲಿಗೆ ಕಟ್ಟಿ ಬ್ಯಾರನ್ನಿನಲ್ಲಿ ತೂಗುಹಾಕಿ, ಐದಾರು ದಿವಸ ಹಗಲಿರುಳೂ ಸೌದೆಯ ಉರಿಯಿಂದ ಹದಗೊಳಿಸುತ್ತಾರೆ. ನಮ್ಮ ವಿದ್ಯಾರ್ಥಿನಿಯರಲ್ಲಿ ಎಷ್ಟೋ ಮಂದಿ ರಜಾದಿನಗಳಲ್ಲಿ ಆ ಎಲೆಗಳನ್ನು ಕಟ್ಟಿದವರೇ. ಹರಾಜು ಮಾರುಕಟ್ಟೆಯಲ್ಲಿ ಬೆಲೆ ಬಂದ ವರ್ಷ ಶಾಲೆಯ ಶುಲ್ಕವು ಸಕಾಲಕ್ಕೆ ಬರುವುದು. ಬಾರದ ವರ್ಷ ಅವರು ತಲೆ ತಗ್ಗಿಸಿಕೊಂಡು ಕಾಯುವರು. ಲೋಕದಲ್ಲಿ ವರ್ಷವೊಂದಕ್ಕೆ 70 ಲಕ್ಷಕ್ಕೂ ಮಿಕ್ಕ ಜನರು ತಂಬಾಕಿನಿಂದ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಹಾಗಾದರೆ ಪಾಪಿಯು ಯಾರು? ಸಾಲ ಮಾಡಿ ಬೆಳೆದ ತಂದೆಯೇ? ಕೊಂಡ ವ್ಯಾಪಾರಿಯೇ? ಸೇದಿದವನೇ? ಆ ಹಣದ ಶುಲ್ಕವನ್ನು ಪಡೆದು ಪಾಠ ಹೇಳಿದ ನಾವೇ? ಒಬ್ಬರ ಕಡೆಗೆ ಬೆರಳು ತೋರಿಸುವುದು ಏದೆನಿನಲ್ಲಿ ಆದಾಮನು ಮಾಡಿದ ಕೆಲಸವನ್ನೇ ಮತ್ತೆ ಮಾಡಿದಂತೆ. ಪಾಪವು ಒಬ್ಬೊಬ್ಬರ ತಪ್ಪು ಮಾತ್ರವಲ್ಲ. ಎಲ್ಲರನ್ನೂ ಒಟ್ಟಿಗೆ ಬಿಗಿದ ಹಗ್ಗವೂ ಹೌದು. ಹಗ್ಗದ ಗಂಟು ಎಲ್ಲಿದೆಯೆಂದು ತಿಳಿದವರೂ ಅದರೊಳಗೇ ಇದ್ದಾರೆ.

ವಿಮೋಚನೆ

ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಮುಂತಾದವರ ದೀರ್ಘ ಪರಿಶ್ರಮದಿಂದ 1831ರಲ್ಲಿ ಸತ್ಯವೇದವು ಸಂಪೂರ್ಣವಾಗಿ ಕನ್ನಡದಲ್ಲಿ ಅಚ್ಚಾಯಿತು. ಪರಭಾಷೆಯ ಒಂದು ಭಾವವನ್ನು ಹೇಳಲು ಕನ್ನಡದ ಯಾವ ಪದವನ್ನು ಆರಿಸಬೇಕೆಂಬುದು ಅನುವಾದಕರಿಗೆಲ್ಲ ಕಠಿಣವಾದ ಕೆಲಸ. ಮುಕ್ತಿ, ಮೋಕ್ಷ ಎಂಬ ಮಾತುಗಳು ನಾಡಿನಲ್ಲಿ ಆಗಲೇ ರೂಢಿಯಲ್ಲಿದ್ದುವು. ಸಾಮಾನ್ಯವಾಗಿ ಅವು ಹುಟ್ಟುಸಾವುಗಳ ಸುಳಿಯಿಂದ ಪಾರಾಗುವುದನ್ನು ಸೂಚಿಸುತ್ತವೆ. ಸತ್ಯವೇದದ ಕನ್ನಡದಲ್ಲಿ ನೆಲೆನಿಂತ ಮಾತುಗಳಾದರೋ ರಕ್ಷಣೆ, ಬಿಡುಗಡೆ, ವಿಮೋಚನೆ ಎಂಬುವು. ಇವುಗಳಲ್ಲಿ ವಿಮೋಚನೆಯೆಂಬುದು ಮೂಲದಲ್ಲಿ ಸಂತೆಯ ಮಾತು, ಸಾಲದ ಮಾತು. ಅಡವಿಟ್ಟ ಒಡವೆಯನ್ನು ಹಣ ಕಟ್ಟಿ ಬಿಡಿಸಿಕೊಳ್ಳುವುದೇ ಅದರ ಅರ್ಥ. ತಾಳಿಯನ್ನು ಅಡವಿಟ್ಟು ಮಗಳನ್ನು ಓದಿಸಿದ ತಾಯಿಗೆ ಈ ಪದವನ್ನು ವ್ಯಾಖ್ಯಾನಿಸಬೇಕಾಗಿಲ್ಲ.

ಒಡವೆಯಂತೆಯೇ ಮನುಷ್ಯನನ್ನೂ ಅಡವಿಡುವ ಪದ್ಧತಿಯು ನಮ್ಮ ನಾಡಿನಲ್ಲಿತ್ತು. ಅದಕ್ಕೆ ಜೀತವೆಂದು ಹೆಸರು. ಮಗಳ ಮದುವೆಗೋ ತಂದೆಯ ತಿಥಿಗೋ ದಣಿಯಿಂದ ಅಲ್ಪ ಸಾಲವನ್ನು ಪಡೆದವನು ತನ್ನ ಮಗನನ್ನು ಜೀತಕ್ಕೆ ಬಿಡುತ್ತಿದ್ದನು. ಬಡ್ಡಿಯು ಬೆಳೆಯುತ್ತಿತ್ತು, ಹುಡುಗನೂ ಬೆಳೆಯುತ್ತಿದ್ದನು, ಸಾಲವು ಮಾತ್ರ ತೀರುತ್ತಿರಲಿಲ್ಲ. ಜೀತದಲ್ಲಿದ್ದವನು ತನ್ನನ್ನು ತಾನು ಬಿಡಿಸಿಕೊಳ್ಳಲಾರನು, ಏತಕ್ಕೆಂದರೆ ಅವನ ದುಡಿಮೆಯೇ ಅವನದಾಗಿರಲಿಲ್ಲ. 1975ರ ಅಕ್ಟೋಬರ್ 25ರಿಂದ ಜಾರಿಗೆ ಬಂದು 1976ರಲ್ಲಿ ಶಾಸನವಾದ ಜೀತಪದ್ಧತಿ ರದ್ದಿಯಾತಿಯ ಕಾನೂನು ಇಡೀ ದೇಶದಲ್ಲಿ ಜೀತವನ್ನು ನಿಷೇಧಿಸಿ, ಅದಕ್ಕೆ ಕಾರಣವಾಗಿದ್ದ ಸಾಲಗಳನ್ನು ಅಳಿಸಿಹಾಕಿತು. ಆ ಕಾಲದಲ್ಲಿ ಕರ್ನಾಟಕದ ಮುಖ್ಯಮಂತ್ರಿಗಳಾಗಿದ್ದವರು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ 1915ರಲ್ಲಿ ಹುಟ್ಟಿ, ಹುಣಸೂರು ಕ್ಷೇತ್ರದಿಂದ ಹಲವು ಸಲ ಶಾಸನಸಭೆಗೆ ಆರಿಸಿ ಬಂದ ಶ್ರೀ ಡಿ. ದೇವರಾಜ ಅರಸರವರು. 1974ರಲ್ಲಿ ಅವರ ಸರ್ಕಾರವು ಭೂಸುಧಾರಣೆಯ ಕಾನೂನನ್ನು ತಿದ್ದಿ ಉಳುವ ಗೇಣಿದಾರರಿಗೆ ಭೂಮಿಯ ಹಕ್ಕು ದೊರೆಯುವಂತೆ ಮಾಡಿತು. 1976ರಲ್ಲಿ ಬಡವರ ಋಣಪರಿಹಾರಕ್ಕಾಗಿ ಇನ್ನೊಂದು ಕಾನೂನನ್ನು ತಂದಿತು. ಹೊರಗಿನಿಂದ ಬಾಗಿಲು ತೆರೆಯಿತೆಂದರೆ ಹೀಗೆ.

ಈ ಕಾನೂನುಗಳನ್ನು ಓದುವಾಗ ಸತ್ಯವೇದವನ್ನು ಬಲ್ಲವರಿಗೆ ಯಾಜಕಕಾಂಡದ 25ನೆಯ ಅಧ್ಯಾಯವು ನೆನಪಿಗೆ ಬರುವುದು. ಐವತ್ತನೆಯ ವರ್ಷದಲ್ಲಿ ಮಾರಿದ ಭೂಮಿಯು ಹಿಂದಿನವರಿಗೆ ಸೇರಬೇಕೆಂದೂ, ಬಡತನದಿಂದ ತನ್ನನ್ನು ಮಾರಿಕೊಂಡವನು ಮನೆಗೆ ಹಿಂತಿರುಗಬೇಕೆಂದೂ, ಭೂಮಿಯು ದೇವರದಾದ್ದರಿಂದ ಶಾಶ್ವತವಾಗಿ ಅದನ್ನು ಮಾರುವ ಅಧಿಕಾರವು ಯಾರಿಗೂ ಇಲ್ಲವೆಂದೂ ಅಲ್ಲಿ ವಿಧಿಸಿದೆ. ಆ ವರ್ಷವು ಬರುವುದಕ್ಕೆ ಮುಂಚೆಯೇ ಭೂಮಿಯನ್ನೂ ಮನುಷ್ಯನನ್ನೂ ಬಿಡಿಸುವ ಹಕ್ಕು ಹತ್ತಿರದ ಬಂಧುವಿನದು. ಇಬ್ರಿಯ ಭಾಷೆಯಲ್ಲಿ ಅವನಿಗೆ 'ಗೋಏಲ್' ಎಂದು ಹೆಸರು. ತಂಗಿಯ ಮನೆ ಮುಳುಗುವ ಕಾಲದಲ್ಲಿ ಸೋದರಮಾವನು ತವರಿನಿಂದ ಎದ್ದು ಬಂದು, ಹೊಣೆಯನ್ನು ತನ್ನ ಹೆಗಲಿಗೆ ಏರಿಸಿಕೊಳ್ಳುವುದನ್ನು ನಮ್ಮ ಹಳ್ಳಿಗಳಲ್ಲಿ ನಾವು ಕಂಡಿಲ್ಲವೇ? ಗೋಏಲನು ಅಂಥವನು. ರೂತಳ ಕಥೆಯನ್ನು ನೆನೆಯಿರಿ. ಅನ್ಯದೇಶದ ವಿಧವೆಯಾದ ಅವಳು ಅತ್ತೆಯನ್ನು ಸಾಕುವುದಕ್ಕಾಗಿ, ನಮ್ಮ ಬಡ ಹೆಣ್ಣುಮಕ್ಕಳು ಕೊಯ್ಲಾದ ಗದ್ದೆಗಳಲ್ಲಿ ಹಕ್ಕಲಾಯುವಂತೆ, ಬೇತ್ಲೆಹೇಮಿನ ಹೊಲಗಳಲ್ಲಿ ಜವೆಗೋಧಿಯ ತೆನೆಗಳನ್ನು ಆಯ್ದಳು. ಬೋವಜನಿಗಿಂತ ಹತ್ತಿರದ ಬಂಧುವೊಬ್ಬನು ಖರ್ಚಿಗೆ ಹೆದರಿ ಹಿಂದೆಗೆದನು. ಬೋವಜನು ಮುಂದೆ ಬಂದು, ಊರಬಾಗಿಲಲ್ಲಿ ಹಿರಿಯರ ಎದುರಿಗೆ ಹೊಲವನ್ನು ಬಿಡಿಸಿ ರೂತಳನ್ನು ಕೈಹಿಡಿದನು.

ಈಗ ನಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಬರುವೆವು. ಒಂದು ಮಾತಿನಿಂದ ಕ್ಷಮಿಸಬಾರದಿತ್ತೇ? ನೆರೆಮನೆಯವಳ ತಾಮ್ರದ ಕೊಡವನ್ನು ಎರವಲು ತಂದ ಒಬ್ಬಳು ಅದನ್ನು ಹೊಳೆಯಲ್ಲಿ ಕಳೆದುಕೊಂಡಳೆಂದು ಎಣಿಸಿರಿ. ಕೊಂಡು ಕೊಡುವ ಶಕ್ತಿ ಅವಳಿಗಿಲ್ಲ. ನೆರೆಮನೆಯವಳು, "ಹೋಗಲಿ ಬಿಡು, ತಾಯಿ" ಎಂದು ಕ್ಷಮಿಸುವಳು. ಮಾತು ಒಂದೇ ಕ್ಷಣದಲ್ಲಿ ಮುಗಿಯಿತು. ಆದರೆ ಮಾರನೆಯ ದಿವಸದಿಂದ ಮಣ್ಣಿನ ಮಡಕೆಯಲ್ಲಿ ನೀರು ಹೊರುವವಳು ಯಾರು? ಕ್ಷಮಿಸಿದವಳೇ. ಕಳೆದವಳು ತೆರಬೇಕಾಗಿದ್ದ ನಷ್ಟವನ್ನು ಕ್ಷಮಿಸಿದವಳು ಹೊತ್ತಳು. ಲೋಕದಲ್ಲಿ ಖರ್ಚಿಲ್ಲದ ಕ್ಷಮೆಯೆಂಬುದಿಲ್ಲ. ಮನ್ನಾ ಆದ ಸಾಲವನ್ನೆಲ್ಲ ಯಾರೋ ಒಬ್ಬರು ಹೊತ್ತೇ ಇರುತ್ತಾರೆ. ಜೀತದ ಸಾಲವು ಬಹುಮಟ್ಟಿಗೆ ಅನ್ಯಾಯದ ಸಾಲವಾಗಿತ್ತು, ಅದನ್ನು ಅಳಿಸಿದ್ದು ನ್ಯಾಯವೇ ಆಯಿತು. ಪಾಪದ ಸಾಲವು ಹಾಗಲ್ಲ, ಅದು ನಿಜವಾದದ್ದು. ಹೇಬೆಲನ ರಕ್ತವು ನಿಜ, ಹಾಡಿಯಿಂದ ಹೊರಟವರ ಕಣ್ಣೀರು ನಿಜ. ಅದನ್ನು ಏನೂ ಆಗಲಿಲ್ಲವೆಂದು ತಳ್ಳಿಬಿಟ್ಟರೆ, ನೊಂದವರಿಗೆ ಎರಡನೆಯ ಸಲ ಅನ್ಯಾಯವಾಗುವುದು. ಆದುದರಿಂದ ದೇವರು ಆ ನಷ್ಟವನ್ನು ಅಲ್ಲಗಳೆಯದೆ, ನಮ್ಮ ಮೇಲೆಯೂ ಹೊರಿಸದೆ, ತಾನೇ ಹೊತ್ತನು. ಶಿಲುಬೆಯೆಂದರೆ ಇದೇ. ಕೋಪಗೊಂಡ ತಂದೆಯು ನಿರಪರಾಧಿಯಾದ ಮಗನನ್ನು ದಂಡಿಸಿ ತಣ್ಣಗಾದನೆಂದು ಅದನ್ನು ತಿಳಿಯುವುದು ದೊಡ್ಡ ತಪ್ಪು. ಕ್ರಿಸ್ತನಲ್ಲಿ ಹೊರೆಯನ್ನು ಹೊತ್ತವನು ದೇವರೇ.

ಬಿಡಿಸುವವನು ಬಂಧುವಾಗಿರಬೇಕೆಂಬ ನಿಯಮವನ್ನು ಇಲ್ಲಿ ಮರೆಯಬಾರದು. ದೇವಕುಮಾರನು ದೂರದಲ್ಲಿ ನಿಂತು ಹಣ ಎಸೆಯಲಿಲ್ಲ. ಮರಿಯಳ ಮಗನಾಗಿ ಹುಟ್ಟಿ, ಬಡಗಿಯ ಮನೆಯಲ್ಲಿ ಬೆಳೆದು, ಹಸಿದು, ಅತ್ತು, ಮಣ್ಣಿನವರಾದ ನಮಗೆ ನೆಂಟನಾದನು. ನೆಂಟನಾದ್ದರಿಂದಲೇ ಬಿಡಿಸುವ ಹಕ್ಕು ಅವನದಾಯಿತು. ಮೂರನೆಯ ದಿನದಲ್ಲಿ ಅವನು ಎದ್ದುಬಂದದ್ದಾದರೂ ದೇಹಸಹಿತನಾಗಿ. ದೇವರು ಸೃಷ್ಟಿಯನ್ನು ಒಳ್ಳೆಯದೆಂದು ಮೊದಲ ದಿವಸಗಳಲ್ಲಿ ಮೆಚ್ಚಿದ್ದನ್ನು ಆ ಬೆಳಗಿನಲ್ಲಿ ಮತ್ತೊಮ್ಮೆ ಸ್ಥಿರಪಡಿಸಿದನು. ಸೃಷ್ಟಿಯೆಲ್ಲವೂ ಬಿಡುಗಡೆಗಾಗಿ ನರಳುತ್ತ ಕಾದಿದೆಯೆಂದು ಅಪೊಸ್ತಲನಾದ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ತಿಳಿಸಿದ್ದಾನೆ. ಹಾಗಾದರೆ ವಿಮೋಚನೆಯು ನಮ್ಮ ಆತ್ಮಗಳನ್ನು ಮಾತ್ರ ಲೋಕದಿಂದ ಎತ್ತಿಕೊಂಡು ಹೋಗುವ ಕೆಲಸವಲ್ಲ. ನದಿ, ಕಾಡು, ಹೊಲ, ಹಾಡಿಗಳಿಗೂ ಅದರಲ್ಲಿ ಪಾಲುಂಟು.

ಬಿಡುಗಡೆ ಹೊಂದಿದವರ ಕರ್ತವ್ಯವೇನು? ಕಾನೂನಿನಿಂದ ಜೀತ ಬಿಟ್ಟವರಲ್ಲಿ ಕೆಲವರು ಹೊಟ್ಟೆಗಿಲ್ಲದೆ, ಮುಂಗಡ ಹಣಕ್ಕೆ ಕೈಯೊಡ್ಡಿ, ಪುನಃ ಅದೇ ನೊಗಕ್ಕೆ ಕತ್ತು ಕೊಟ್ಟದ್ದುಂಟು. ಬಾಗಿಲು ತೆರೆದರೆ ಸಾಲದು. ಹೊರಗೆ ಬಂದವರಿಗೆ ನಿಲ್ಲುವುದಕ್ಕೆ ನೆಲವೂ ಜೊತೆಗೆ ಜನರೂ ಬೇಕು. ಸಭೆಯು ಇರುವುದು ಅದಕ್ಕಾಗಿಯೇ. ಪ್ರಿಯ ವಿದ್ಯಾರ್ಥಿನಿಯರೇ, ನೀವು ಇಲ್ಲಿಂದ ನಿಮ್ಮ ನಿಮ್ಮ ಊರುಗಳಿಗೆ ಹೋದ ಮೇಲೆ ಹಾಡಿಯ ಹುಡುಗಿಯು ಶಾಲೆಗೆ ಬಾರದೆ ಇದ್ದರೆ ಏಕೆಂದು ವಿಚಾರಿಸಿರಿ. ಸಾಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತುವವರಿದ್ದರೆ ಅದನ್ನು ಅವರಿಗೆ ಓದಿ ಹೇಳಿರಿ. ಹೊಗೆಸೊಪ್ಪಿನ ಬದಲಾಗಿ ಬೇರೇನನ್ನು ಬೆಳೆದು ಬದುಕಬಹುದೆಂದು ತಂದೆಯೊಡನೆ ಕುಳಿತು ಲೆಕ್ಕ ಹಾಕಿರಿ, ತಂದೆಯನ್ನು ಜರೆಯಬೇಡಿರಿ. ಕಾಯುವುದು ನನ್ನ ಕೆಲಸವೇ ಎಂದು ಕೇಳಿದ ಕಾಯಿನನಿಗೆ ಹೌದೆಂದು ಉತ್ತರ ಕೊಡುವ ಜೀವನವೇ ಬಿಡುಗಡೆ ಹೊಂದಿದವರ ಜೀವನ.

ಆ ಪ್ರಶ್ನೆಯನ್ನು ಕೇಳಿದ ಹುಡುಗಿಯು ಈಗ ಇಲ್ಲಿಲ್ಲ. ಓದು ಮುಗಿಸಿ ಹೊರಟುಹೋಗಿದ್ದಾಳೆ. ಈ ಸಂಚಿಕೆಯು ಅವಳ ಕೈಗೆ ಸೇರಿದರೆ, ತಡವಾಗಿಯಾದರೂ ಇದು ಅವಳಿಗೆ ನಮ್ಮ ಉತ್ತರ. ಇದೂ ಸಾಲದೆಂದು ತೋರಿದರೆ ಅವಳು ಪುನಃ ಬಂದು ಕೇಳಲಿ. ನಮ್ಮನ್ನೆಲ್ಲ ಬಿಡಿಸುವುದಕ್ಕೆ ಬಂಧುವಾಗಿ ಬಂದ ಕರ್ತನ ಕೃಪೆಯು ಅವಳ ಸಂಗಡಲೂ ನಿಮ್ಮೆಲ್ಲರ ಸಂಗಡಲೂ ಇರಲಿ.